ಜುಲೈ ತಿಂಗಳ ಬೀರು, ಜನವರಿಯ ಆಕಾಶ

ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಮಳೆಯಿಲ್ಲ, ಇಬ್ಬನಿಯಿಲ್ಲ, ಗಾಳಿಯೂ ಇಲ್ಲ. ಅಲ್ಲಿ ನಿಂತು ದೂರದ ಗೆಲಾಕ್ಸಿಗಳ ಚಿತ್ರ ತೆಗೆಯುತ್ತಿರುವ ಯೂಕ್ಲಿಡ್ ದೂರದರ್ಶಕದ ಕಣ್ಣು 2023ರ ನವೆಂಬರಿನಲ್ಲಿ ಮಸುಕಾಗತೊಡಗಿತು. ಮತ್ತೆ ಮತ್ತೆ ಅಳೆದು ನೋಡುವ ಅವೇ ನಕ್ಷತ್ರಗಳ ಬೆಳಕು ಪ್ರತಿ ಸಲವೂ ತುಸು ಕಡಿಮೆ ಬರುತ್ತಿತ್ತು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯವರು ಕಂಡುಕೊಂಡ ಕಾರಣ ಮಂಜುಗಡ್ಡೆ. ದಪ್ಪ ಕೆಲವೇ ನ್ಯಾನೋಮೀಟರ್. 2024ರ ಮಾರ್ಚಿನಲ್ಲಿ ಒಂದೇ ಒಂದು ಕನ್ನಡಿಯನ್ನು ಮೈನಸ್ 147 ಡಿಗ್ರಿಯಿಂದ ಮೈನಸ್ 113 ಡಿಗ್ರಿಗೆ ಬಿಸಿ ಮಾಡಿದರು. ನೂರು ನಿಮಿಷ ಕಳೆಯುವಷ್ಟರಲ್ಲಿ ಬೆಳಕು ಶೇ 15ರಷ್ಟು ಹೆಚ್ಚಾಯಿತು. ಆ ನೀರು ಬಾಹ್ಯಾಕಾಶದಲ್ಲಿ ಸಿಕ್ಕಿದ್ದಲ್ಲ. ಭೂಮಿಯ ಮೇಲೆ ಜೋಡಣೆಯಾಗುವ ಕಾಲದಲ್ಲಿ ನೌಕೆಯ ಒಳಭಾಗಗಳು ನಮ್ಮ ಗಾಳಿಯಿಂದ ಹೀರಿಕೊಂಡು, ತಮ್ಮೊಂದಿಗೆ ಹೊತ್ತೊಯ್ದ ನೀರು.

ಅಷ್ಟು ಎಚ್ಚರದಿಂದ ಕಟ್ಟಿದ ಯಂತ್ರಕ್ಕೇ ಹೀಗಾದರೆ, ಬೆಂಗಳೂರಿನ ತಾರಸಿಯ ಮೇಲೋ ತುಮಕೂರಿನ ಕಡೆಯ ತೋಟದ ಮನೆಯಲ್ಲೋ ನಕ್ಷತ್ರಗಳ ಫೋಟೊ ತೆಗೆಯುವವರ ಕ್ಯಾಮೆರಾಕ್ಕೆ ಆಗುವುದರಲ್ಲಿ ಅಚ್ಚರಿಯಿಲ್ಲ. ಈ ಹವ್ಯಾಸಕ್ಕೆ ಬಿದ್ದವರು ಸಾಮಾನ್ಯವಾಗಿ ಡಿಎಸ್‌ಎಲ್‌ಆರ್‌ನಿಂದ ಶುರುಮಾಡುತ್ತಾರೆ. ಆಮೇಲೆ ಆಕಾಶದ ಚಲನೆಯನ್ನು ಹಿಂಬಾಲಿಸುವ ಮೌಂಟ್ ಬರುತ್ತದೆ. ಕೊನೆಗೆ, ವರ್ಷಗಟ್ಟಲೆ ದುಡ್ಡು ಕೂಡಿಟ್ಟು, ಸೆನ್ಸರನ್ನು ತಣ್ಣಗಿಡುವ ಕೂಲ್ಡ್ ಕ್ಯಾಮೆರಾ. ಜನವರಿಯ ರಾತ್ರಿ, ಮಹಾವ್ಯಾಧ ನೆತ್ತಿಯ ಕಡೆ ಏರಿದ ಹೊತ್ತು, ಅದರ ಕತ್ತಿಯಲ್ಲಿರುವ ನೀಹಾರಿಕೆಗೆ ಗುರಿಯಿಟ್ಟು ಗಂಟೆಗಟ್ಟಲೆ ಬೆಳಕು ಕೂಡಿಸುತ್ತಾರೆ. ಬೆಳಗ್ಗೆ ಚಿತ್ರ ತೆರೆದರೆ ನಡುವೆ ಒಂದು ಮಸುಕು. ಸಣ್ಣ ನಕ್ಷತ್ರಗಳು ಅಳಿಸಿಹೋಗಿವೆ, ದೊಡ್ಡವುಗಳ ಸುತ್ತ ಪ್ರಭಾವಳಿ. ಅನುಮಾನ ಮೊದಲು ಫೋಕಸ್ ಮೇಲೆ ಹೋಗುತ್ತದೆ, ಆಮೇಲೆ ತೆಳುಮೋಡದ ಮೇಲೆ, ಕನ್ನಡಿಯ ಹೊಂದಾಣಿಕೆಯ ಮೇಲೆ. ಇವನ್ನೆಲ್ಲ ತಿರುವಿ ನೋಡುವಷ್ಟರಲ್ಲಿ ಅಮಾವಾಸ್ಯೆಯ ಆಸುಪಾಸಿನ ಒಳ್ಳೆಯ ರಾತ್ರಿಗಳು ಮುಗಿದಿರುತ್ತವೆ.

ಈ ತೊಂದರೆ ಚಳಿಗಾಲದಲ್ಲಿ ಕಾಣಿಸಿಕೊಳ್ಳುವುದರಿಂದ ಚಳಿಗಾಲದ್ದೇ ತೊಂದರೆ ಎಂದು ಎಲ್ಲರೂ ತಿಳಿಯುತ್ತಾರೆ. ನನ್ನ ಎಣಿಕೆ ಬೇರೆ. ಜನವರಿಯಲ್ಲಿ ಹೆಪ್ಪುಗಟ್ಟುವ ನೀರು ಕ್ಯಾಮೆರಾದೊಳಗೆ ಸೇರಿಕೊಳ್ಳುವುದು ಹೆಚ್ಚಾಗಿ ಜುಲೈ, ಆಗಸ್ಟಿನಲ್ಲಿ. ಕ್ಯಾಮೆರಾ ಬೀರುವಿನಲ್ಲಿ ಸುಮ್ಮನೆ ಕೂತಿರುವಾಗ. ಹಾಗೆ ಹೇಳಲು ಕಾರಣವಿದೆ. ಅದಕ್ಕೆ ಮೊದಲು ಈ ಕ್ಯಾಮೆರಾಗಳಿಗೆ ಚಳಿ ಏಕೆ ಬೇಕಾಯಿತು ಎಂದು ನೋಡಬೇಕು.

ಚಳಿಯ ಕೆಲಸ

ಸೆನ್ಸರ್ ಎಂದರೆ ಸಿಲಿಕಾನಿನ ಬಿಲ್ಲೆ. ಬೆಳಕು ಬಿದ್ದರೆ ಅದರಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಅವನ್ನು ಎಣಿಸಿದರೆ ಚಿತ್ರ. ಆದರೆ ಬೆಳಕೇ ಬೀಳದಿದ್ದರೂ, ಬರೀ ಶಾಖಕ್ಕೆ ಒಂದಷ್ಟು ಎಲೆಕ್ಟ್ರಾನುಗಳು ಸಡಿಲಗೊಂಡು ಲೆಕ್ಕಕ್ಕೆ ಸೇರಿಬಿಡುತ್ತವೆ. ಇದನ್ನು ಡಾರ್ಕ್ ಕರೆಂಟ್ ಎನ್ನುತ್ತಾರೆ. ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಮದುವೆ ಮನೆಯ ಫೋಟೊ ತೆಗೆಯುವವರಿಗೆ ಇದರ ಗೊಡವೆಯಿಲ್ಲ. ಐದು ನಿಮಿಷ ಕಣ್ಣು ತೆರೆದಿಟ್ಟು ನೀಹಾರಿಕೆಯ ಬೆಳಕಿಗೆ ಕಾಯುವವರಿಗೆ ಇದು ದೊಡ್ಡ ಶತ್ರು. ಸೆನ್ಸರಿನ ಉಷ್ಣತೆ ಆರೇಳು ಡಿಗ್ರಿ ಏರಿದಂತೆಲ್ಲ ಈ ಕಳ್ಳಲೆಕ್ಕ ಸುಮಾರು ದುಪ್ಪಟ್ಟಾಗುತ್ತದೆ. 25 ಡಿಗ್ರಿಯಿಂದ ಮೈನಸ್ 10 ಡಿಗ್ರಿಗೆ ಇಳಿಸಿದರೆ ಮೂವತ್ತು ಪಟ್ಟಿನ ಆಸುಪಾಸು ಕಡಿಮೆ.

ತಣ್ಣಗಾಗಿಸುವ ಉಪಾಯ ಹಳೆಯದು. ಎರಡು ಬೇರೆ ಬೇರೆ ವಾಹಕಗಳ ಬೆಸುಗೆಯಲ್ಲಿ ವಿದ್ಯುತ್ ಹರಿಸಿದರೆ ಒಂದು ಬೆಸುಗೆ ತಂಪಾಗಿ ಇನ್ನೊಂದು ಬಿಸಿಯಾಗುತ್ತದೆಂದು ಫ್ರಾನ್ಸಿನ ಜಾನ್ ಪೆಲ್ಟಿಯರ್ 1834ರಲ್ಲಿ ತೋರಿಸಿದ. ಇವತ್ತಿನ ಕ್ಯಾಮೆರಾದಲ್ಲಿ ಆ ಪೆಲ್ಟಿಯರ್ ಬಿಲ್ಲೆಯ ತಂಪು ಮುಖ ಸೆನ್ಸರಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಬಿಸಿ ಮುಖದ ಕಾವನ್ನು ಫ್ಯಾನು ಹೊರಗೆ ದೂಡುತ್ತದೆ. ಹೊರಗಿನ ಗಾಳಿಗಿಂತ ಸುಮಾರು 35 ಡಿಗ್ರಿ ಕೆಳಗೆ ಇಳಿಯುವುದು ಒಳ್ಳೆಯ ಕ್ಯಾಮೆರಾಕ್ಕೆ ಕಷ್ಟವಲ್ಲ.

ಸೆನ್ಸರ್ ಬರುವ ಮೊದಲು ಫಿಲ್ಮನ್ನೂ ತಣ್ಣಗಾಗಿಸುತ್ತಿದ್ದರು. ಮಂದ ಬೆಳಕಿನಲ್ಲಿ ಹೊತ್ತು ಹೋದಂತೆ ಫಿಲ್ಮಿನ ಸಂವೇದನೆ ಕುಗ್ಗುತ್ತದೆ. ಚಳಿಯಲ್ಲಿ ಆ ಕುಗ್ಗುವಿಕೆ ಕಡಿಮೆ. ಅರಿಜೋನಾದ ಪ್ರೆಸ್ಕಾಟ್‌ನಲ್ಲಿ ಎವೆರೆಡ್ ಕ್ರೈಮರ್ ಎಂಬ ಹವ್ಯಾಸಿ ಹೀಗೆ ಫಿಲ್ಮನ್ನು ಡ್ರೈ ಐಸ್‌ನಿಂದ ತಂಪಾಗಿಸಿ ನೀಹಾರಿಕೆ, ನಕ್ಷತ್ರಗುಚ್ಛ, ಗೆಲಾಕ್ಸಿಗಳ ಮೆಸಿಯೆ ಪಟ್ಟಿಯ ಕಾಯಗಳನ್ನೆಲ್ಲ ಚಿತ್ರಿಸಿದರು. ಜಾನ್ ಮಲಾಸ್ ಜೊತೆ ಅವರು ತಂದ ಮೆಸಿಯೆ ಆಲ್ಬಮ್ 1978ರಲ್ಲಿ ಪುಸ್ತಕವಾಯಿತು. ಮೈನಸ್ 78 ಡಿಗ್ರಿಯ ಡ್ರೈ ಐಸ್‌ಗೆ ತಾಗಿದ ಫಿಲ್ಮಿನ ಮೇಲೆ ಗಾಳಿಯ ತೇವ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟುತ್ತದೆ. ಹಾಗಾಗದಂತೆ ಆ ಕಾಲದ ಶೀತಲ ಕ್ಯಾಮೆರಾಗಳಲ್ಲಿ ಫಿಲ್ಮಿನ ಮುಖಕ್ಕೆ ದಪ್ಪನೆಯ ಪಾರದರ್ಶಕ ಗಟ್ಟಿಯನ್ನು ಒತ್ತಿ ಕೂರಿಸುತ್ತಿದ್ದರು, ಇಲ್ಲವೇ ಮುಂದಿನ ಗಾಳಿಯನ್ನು ಪಂಪಿನಿಂದ ತೆಗೆದುಬಿಡುತ್ತಿದ್ದರು. ಚಳಿ ಬಂದಲ್ಲಿ ತೇವದ ಚಿಂತೆಯೂ ಬಂದೇ ಬಂತು.

ಅರ್ಧ ಮಿಲಿಗ್ರಾಂ ನೀರು

ಸೆನ್ಸರ್ ಇರುವ ಕೋಣೆ ಚಿಕ್ಕದು. ಮುಂದೆ ಒಂದು ಗಾಜಿನ ಕಿಟಕಿ, ಸುತ್ತ ಲೋಹ, ಸಂದುಗಳಲ್ಲಿ ರಬ್ಬರಿನ ಓ-ರಿಂಗ್. ಒಳಗೆ ಹಿಡಿಯುವ ಗಾಳಿ 30 ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. 25 ಡಿಗ್ರಿಯಲ್ಲಿ, ಶೇ 70ರ ತೇವಾಂಶವಿರುವ ಗಾಳಿ ಅದರಲ್ಲಿ ತುಂಬಿದೆ ಎಂದರೆ ಒಳಗಿರುವ ನೀರಾವಿ ಸುಮಾರು ಅರ್ಧ ಮಿಲಿಗ್ರಾಂ. ಕೇಳಲು ಏನೂ ಅಲ್ಲ. ಆದರೆ ಆ ಅರ್ಧ ಮಿಲಿಗ್ರಾಂ ಪೂರ್ತಿ 23 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರದ ಸೆನ್ಸರಿನ ಮೇಲೆ ಹರಡಿ ಕೂತರೆ ಒಂದು ಮೈಕ್ರಾನಿಗಿಂತ ದಪ್ಪನೆಯ ಪದರವಾಗುತ್ತದೆ. ನಾವು ಕಾಣುವ ಬೆಳಕಿನ ತರಂಗದ ಉದ್ದ 0.4ರಿಂದ 0.7 ಮೈಕ್ರಾನ್. ಬೆಳಕಿನ ದಾರಿ ಕೆಡಿಸಲು ಅಷ್ಟು ಪದರ ಧಾರಾಳ ಸಾಕು. ಅದು ಸಮನಾಗಿ ಹರಡುವುದೂ ಇಲ್ಲ, ಅಲ್ಲಲ್ಲಿ ಹರಳುಗಟ್ಟುತ್ತದೆ.

ಎಷ್ಟು ಒಣಗಿರಬೇಕು ಎಂಬುದಕ್ಕೂ ಲೆಕ್ಕವಿದೆ. ಗಾಳಿ ಹಿಡಿದಿಡಬಲ್ಲ ಆವಿಗೆ ಒಂದು ಮಿತಿಯುಂಟು, ಚಳಿ ಹೆಚ್ಚಿದಂತೆ ಆ ಮಿತಿ ಕುಸಿಯುತ್ತದೆ. 25 ಡಿಗ್ರಿಯಲ್ಲಿ ನೀರಾವಿಯ ಗರಿಷ್ಠ ಒತ್ತಡ 31.7 ಹೆಕ್ಟೊಪ್ಯಾಸ್ಕಲ್. ಮೈನಸ್ 10 ಡಿಗ್ರಿಯ ಮಂಜುಗಡ್ಡೆಯ ಮೇಲೆ ಅದು ಬರೀ 2.6. ಅಂದರೆ ಸೆನ್ಸರನ್ನು ಮೈನಸ್ 10ಕ್ಕೆ ಇಳಿಸಬೇಕಾದರೆ ಕೋಣೆಯ ಗಾಳಿಯ ತೇವಾಂಶ, ಮನೆಯ ಉಷ್ಣತೆಯಲ್ಲಿ ಅಳೆದಾಗ, ಶೇ 8ರ ಕೆಳಗಿರಬೇಕು. ಮೈನಸ್ 20 ಬೇಕೆಂದರೆ ಶೇ 3ರ ಹತ್ತಿರ. ಸೊನ್ನೆ ಡಿಗ್ರಿ ಸಾಕೆಂದರೆ ಶೇ 19 ಇದ್ದರೂ ನಡೆಯುತ್ತದೆ. ನಮ್ಮ ನಾಲಿಗೆಯಲ್ಲಿ ‘ಒಣ ಹವೆ’ ಎನಿಸಿಕೊಳ್ಳುವ ಶೇ 30ರ ತೇವಾಂಶವಿದೆಯಲ್ಲ, 25 ಡಿಗ್ರಿಯಲ್ಲಿ ಅಂಥ ಗಾಳಿ ಸುಮಾರು 6 ಡಿಗ್ರಿಗೆ ಇಳಿಯುತ್ತಲೇ ಇಬ್ಬನಿಗಟ್ಟುತ್ತದೆ. ಬಳ್ಳಾರಿಯ ಮಾರ್ಚ್ ತಿಂಗಳ ಮಧ್ಯಾಹ್ನದ ಗಾಳಿಯನ್ನು ತುಂಬಿ ಮುಚ್ಚಿದರೂ ಈ ಕ್ಯಾಮೆರಾಕ್ಕೆ ಅದು ಒದ್ದೆ ಗಾಳಿಯೇ.

ಆದ್ದರಿಂದ ತಯಾರಕರು ಕೋಣೆಯೊಳಗೆ ತೇವ ಹೀರುವ ಬಿಲ್ಲೆಗಳನ್ನು ಇಟ್ಟಿರುತ್ತಾರೆ. ಕೆಲವು ಕ್ಯಾಮೆರಾಗಳಲ್ಲಿ ಬದಿಯಲ್ಲಿ ಒಂದು ರಂಧ್ರವಿದ್ದು, ಸಿಲಿಕಾ ಜೆಲ್ ತುಂಬಿದ ಕೊಳವೆಯನ್ನು ಅದಕ್ಕೆ ತಿರುಗಿಸಿ ಒಂದು ದಿನ ಬಿಟ್ಟರೆ ಒಳಗಿನ ಗಾಳಿ ಒಣಗುತ್ತದೆ. ಸಿಸಿಡಿ ಬಗೆಯ ಸೆನ್ಸರಿರುವ ಹಳೆಯ ದುಬಾರಿ ಕ್ಯಾಮೆರಾಗಳ ಕೆಲವು ಮಾದರಿಗಳಿಗೆ ಆರ್ಗಾನ್ ತುಂಬುತ್ತಿದ್ದರು. ಆರ್ಗಾನಿನಲ್ಲಿ ತೇವವಿಲ್ಲ, ಜೊತೆಗೆ ಅದು ಗಾಳಿಗಿಂತ ಕಡಿಮೆ ಶಾಖ ಸಾಗಿಸುತ್ತದೆ, ಹಾಗಾಗಿ ಕೂಲರಿಗೂ ಹೊರೆ ಇಳಿಯುತ್ತದೆ.

ಗಾಜಿನ ಮೇಲೋ, ಸೆನ್ಸರಿನ ಮೇಲೋ?

ಚಿತ್ರದಲ್ಲಿ ಮಸುಕು ಕಂಡಾಗ ಮೊದಲು ಮಾಡಬೇಕಾದ ಕೆಲಸ ನೀರು ಎಲ್ಲಿ ಕೂತಿದೆ ಎಂದು ಗುರುತಿಸುವುದು. ಎರಡೂ ನೀರೇ, ಎರಡಕ್ಕೂ ಮದ್ದು ಬೇರೆ.

ಒಂದು, ಕಿಟಕಿಯ ಗಾಜಿನ ಹೊರಮೈಗೆ ಕೂರುವ ಇಬ್ಬನಿ. ಒಳಗೆ ಮೈನಸ್ 10ರ ಸೆನ್ಸರ್ ಕೂತಿರುವಾಗ ಅದರೆದುರಿನ ಗಾಜೂ ಮೆಲ್ಲಗೆ ತಣ್ಣಗಾಗುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ನಸುಕಿಗೆ ಮುಂಚೆ 18 ಡಿಗ್ರಿ, ಶೇ 90ರ ತೇವಾಂಶ ಎಂದುಕೊಳ್ಳಿ; ಇಬ್ಬನಿ ಬೀಳುವ ಉಷ್ಣತೆ ಸುಮಾರು 16. ಗಾಜು ಗಾಳಿಗಿಂತ ಎರಡೇ ಡಿಗ್ರಿ ತಂಪಾದರೆ ಸಾಕು, ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿಯಂತೆ ಬೆವರುತ್ತದೆ. ಇದು ಸಾಮಾನ್ಯವಾಗಿ ನಡುವಿನಲ್ಲಿ ಶುರುವಾಗಿ ಅಂಚಿಗೆ ಹರಡುತ್ತದೆ, ಏಕೆಂದರೆ ಗಾಜಿನ ಅಂಚಿಗೆ ಲೋಹದ ಚೌಕಟ್ಟಿನ ಕಾವು ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಗಾಜು ಸೆನ್ಸರಿನಿಂದ ದೂರ ಇರುವುದರಿಂದ ಮಸುಕಿಗೆ ಅಂಚು ಇರುವುದಿಲ್ಲ. ಬರೀ ಮಬ್ಬು, ಪ್ರಭಾವಳಿ.

ಇದಕ್ಕೆ ಪರಿಹಾರ ಸುಲಭ. ಇತ್ತೀಚಿನ ಬಹುಪಾಲು ಕ್ಯಾಮೆರಾಗಳಲ್ಲಿ ಗಾಜಿನ ಸುತ್ತ ಕೆಲವೇ ವಾಟ್‌ನ ಹೀಟರ್ ಇರುತ್ತದೆ. ಕೂಲರಿನ ಸ್ವಿಚ್ಚು ಬೇರೆ, ಈ ಹೀಟರಿನ ಸ್ವಿಚ್ಚು ಬೇರೆ. ತಂತ್ರಾಂಶದಲ್ಲಿ ಎರಡನ್ನೂ ಹಾಕಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಹೀಟರ್ ಇಲ್ಲದ ಕ್ಯಾಮೆರಾಕ್ಕೆ ಮೂತಿಯ ಸುತ್ತ ದೂರದರ್ಶಕಕ್ಕೆ ಸುತ್ತುವಂಥ ಹೀಟರ್ ಪಟ್ಟಿಯನ್ನೇ ಸುತ್ತಿದರೂ ಕೆಲಸವಾಗುತ್ತದೆ. ಕ್ಯಾಮೆರಾದ ಮುಂದಿರುವ ಫಿಲ್ಟರ್ ಚಕ್ರದಲ್ಲಿ, ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿಯಲ್ಲೂ ತೇವವಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಮುಚ್ಚಳ ತೆರೆದಿಟ್ಟು ಫಿಲ್ಟರ್ ಬದಲಾಯಿಸಿದರೆ ಆ ಗಾಳಿ ಅಲ್ಲೇ ಒಳಗಾಗುತ್ತದೆ.

ಇನ್ನೊಂದು, ಮೊಹರು ಮಾಡಿದ ಕೋಣೆಯೊಳಗೆ, ಸೆನ್ಸರಿನ ಸ್ವಂತ ಗಾಜಿನ ಮೇಲೆ ಕಟ್ಟುವ ಹಿಮ. ಇದು ನಿಜವಾದ ಕಾಯಿಲೆ. ಪಿಕ್ಸೆಲ್ಲುಗಳಿಗೆ ಇಷ್ಟು ಹತ್ತಿರ ಕೂತ ಹರಳಿನ ನೆರಳು ಸ್ಪಷ್ಟ ಅಂಚಿನೊಂದಿಗೆ ಬೀಳುತ್ತದೆ: ಜರೀಗಿಡದ ಎಲೆಯ ಹಾಗೆ ಕವಲು, ನಕ್ಷತ್ರಾಕಾರದ ಕಲೆ, ಕೆಲವೊಮ್ಮೆ ಬರೀ ಕಪ್ಪು ಚುಕ್ಕೆಗಳ ಗುಂಪು. ದೂರದರ್ಶಕವನ್ನು ಬೇರೆ ಕಡೆ ತಿರುಗಿಸಿದರೂ ಕಲೆ ಚೌಕಟ್ಟಿನ ಅದೇ ಜಾಗದಲ್ಲಿ ಉಳಿಯುತ್ತದೆ. ಧೂಳಿನ ಕಲೆಯೂ ಹಾಗೇ ಉಳಿಯುತ್ತದಲ್ಲ ಎಂದರೆ, ಹೌದು. ಆದರೆ ಧೂಳು ಕೂಲರ್ ಆರಿಸಿದಾಗಲೂ ಇರುತ್ತದೆ, ಹಿಮ ಇರುವುದಿಲ್ಲ.

ಪರೀಕ್ಷೆ ಹಗಲಲ್ಲೇ ಆಗುತ್ತದೆ. ಕ್ಯಾಮೆರಾದ ಬಾಯಿಗೆ ಬಿಳಿ ಬಟ್ಟೆ ಬಿಗಿದು ಸಮನಾದ ಬೆಳಕಿಗೆ ಹಿಡಿದು, ಕೂಲರ್ ಹಾಕದೆ ಒಂದು ಚಿತ್ರ ತೆಗೆಯಿರಿ. ಮೈನಸ್ 10ಕ್ಕೆ ಇಳಿಸಿ ಒಂದೆರಡು ಗಂಟೆ ಬಿಟ್ಟು ಅದೇ ಬೆಳಕಿನಲ್ಲಿ ಇನ್ನೊಂದು ತೆಗೆಯಿರಿ. ತಂತ್ರಾಂಶದಲ್ಲಿ ಒಂದನ್ನು ಇನ್ನೊಂದರಿಂದ ಭಾಗಿಸಿ, ಕಾಂಟ್ರಾಸ್ಟ್ ಎಳೆದು ನೋಡಿ. ಒಳಗೆ ತೇವವಿದ್ದರೆ ಅದು ಅಲ್ಲಿ ಅಡಗಿ ಕೂರಲಾರದು. ಚಿತ್ರ ಸಂಸ್ಕರಣೆಯಲ್ಲಿ ಇದನ್ನು ಸರಿಪಡಿಸಿಕೊಳ್ಳಬಹುದು ಎಂಬ ಆಸೆ ಬೇಡ. ಹಿಮ ರಾತ್ರಿಯಿಡೀ ಬೆಳೆಯುತ್ತ, ಆಕಾರ ಬದಲಿಸುತ್ತ ಹೋಗುತ್ತದೆ. ಸಮನಾದ ಬೆಳಕಿಗೆ ಹಿಡಿದು ಸಂಜೆ ತೆಗೆದ ಫ್ಲ್ಯಾಟ್ ಚಿತ್ರ ನಡುರಾತ್ರಿಯ ಹರಳಿಗೆ ಹೊಂದುವುದಿಲ್ಲ.

ಕಲೆ ಒಂದು ರಾತ್ರಿಯ ನಷ್ಟ. ಅದಕ್ಕಿಂತ ಹೆಚ್ಚಿನ ನಷ್ಟ ಹಿಮ ಕರಗಿದ ಮೇಲಿನದು. ಹಿಮ ನೀರಾಗಿ ಪೆಲ್ಟಿಯರ್ ಬಿಲ್ಲೆಯ ಬೆಸುಗೆಗಳಿಗೆ ಇಳಿದರೆ, ವಿದ್ಯುತ್ ಹರಿಯುವ ಒದ್ದೆ ಲೋಹ ಸವೆಯತೊಡಗುತ್ತದೆ. ಕೂಲರ್ ಮೊದಲಿನಷ್ಟು ಇಳಿಯದು, ಮುಂದೊಂದು ದಿನ ನಿಂತೇಹೋಗಬಹುದು. ಹಾಗಾಗಿ ಸೆನ್ಸರಿನ ಮೇಲೆ ಹಿಮ ಕಂಡ ಕ್ಯಾಮೆರಾವನ್ನು ‘ಇವತ್ತೊಂದು ರಾತ್ರಿ’ ಎಂದು ಓಡಿಸಬಾರದು.

ನೀರು ಬರುವ ದಾರಿ

ಮೊಹರು ಮಾಡಿದ ಕೋಣೆಗೆ ನೀರು ಎಲ್ಲಿಂದ? ರಾತ್ರಿ ಸೆನ್ಸರ್ ತಣ್ಣಗಾದಾಗ ಒಳಗಾಳಿ ಕುಗ್ಗುತ್ತದೆ, ಬೆಳಗ್ಗೆ ಹಿಗ್ಗುತ್ತದೆ. ಈ ಉಸಿರಾಟದಲ್ಲಿ ಹೊರಗಾಳಿ ಒಳಗೆ ಬರುತ್ತದೆ ಎನ್ನುವ ವಿವರಣೆ ಸಾಮಾನ್ಯ. ತಪ್ಪಲ್ಲ. ಆದರೆ ಮೊತ್ತ ನೋಡಿ: ಒಳಗಾಳಿ ಸರಾಸರಿ ಹತ್ತು ಡಿಗ್ರಿ ತಣ್ಣಗಾದರೆ ಕುಗ್ಗುವುದು ಶೇ 3ರಷ್ಟು, ಅಂದರೆ ಒಂದು ಮಿಲಿಲೀಟರ್. ಅಷ್ಟು ಗಾಳಿಯ ಜೊತೆ ಬರುವ ನೀರು ಮಿಲಿಗ್ರಾಮಿನ ನೂರರಲ್ಲಿ ಒಂದೆರಡು ಪಾಲು. ಒಂದು ಗ್ರಾಂ ಒಣ ಸಿಲಿಕಾ ಜೆಲ್ ಇಷ್ಟು ಒಣ ಕೋಣೆಯಲ್ಲೂ ಹತ್ತಾರು ಮಿಲಿಗ್ರಾಂ ಹೀರಬಲ್ಲದು. ಉಸಿರಾಟದ ನೀರಿನಿಂದ ಅದು ತುಂಬಬೇಕಾದರೆ ಸಾವಿರಾರು ರಾತ್ರಿ ಬೇಕು.

ದೊಡ್ಡ ದಾರಿ ರಬ್ಬರ್. ಓ-ರಿಂಗ್ ಗಾಳಿಯನ್ನು ತಡೆದೀತು, ನೀರಿನ ಅಣುಗಳು ರಬ್ಬರಿನ ಮೈಯೊಳಗೇ ತೂರಿಕೊಂಡು ಸಾಗುತ್ತವೆ. ಸಿಲಿಕೋನ್ ರಬ್ಬರ್ ಈ ವಿಷಯದಲ್ಲಿ ಬಹಳ ಸಡಿಲ, ಬ್ಯೂಟೈಲ್ ಮತ್ತು ವೈಟಾನ್ ಬಿಗಿ. ಯಾವುದೂ ಪೂರ್ತಿ ಬಿಗಿಯಲ್ಲ. ಓ-ರಿಂಗ್ ಮೇಲೆ ಒಂದು ಕೂದಲೋ ಬಟ್ಟೆಯ ಎಳೆಯೋ ಅಡ್ಡ ಬಿದ್ದಿದ್ದರೆ ಹೇಳುವುದೇ ಬೇಡ. ಈ ಸೋರಿಕೆಗೆ ಕೂಲರ್ ಓಡುತ್ತಿದೆಯೇ ಇಲ್ಲವೇ ಎಂಬ ಭೇದವಿಲ್ಲ. ಒಳಗೆ ಒಣ, ಹೊರಗೆ ಒದ್ದೆ ಇದ್ದರೆ ಹಗಲೂ ರಾತ್ರಿ ನಡೆಯುತ್ತದೆ. ಅದರ ವೇಗ ನಿರ್ಧರಿಸುವುದು ಒಳಹೊರಗಿನ ಆವಿಯೊತ್ತಡದ ಅಂತರ.

ಬೀರುವಿನ ಮಾತು ಬರುವುದು ಇಲ್ಲಿ. ಜೂನ್ ಹಿಡಿದು ಸೆಪ್ಟೆಂಬರ್ ಮುಗಿಯುವವರೆಗೆ ನಮ್ಮ ಬಹುಪಾಲು ಊರುಗಳಲ್ಲಿ ನಕ್ಷತ್ರ ಕಾಣುವ ರಾತ್ರಿ ಅಪರೂಪ. ಆ ನಾಲ್ಕು ತಿಂಗಳು ಕ್ಯಾಮೆರಾ ಚೀಲದಲ್ಲೋ ಬೀರುವಿನಲ್ಲೋ ಇರುತ್ತದೆ. ಮಂಗಳೂರು, ಆಗುಂಬೆ, ಮಡಿಕೇರಿಗಳಲ್ಲಿ ಆಗ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. 25 ಡಿಗ್ರಿ, ಶೇ 85ರ ತೇವಾಂಶದಲ್ಲಿ ಹೊರಗಿನ ಆವಿಯೊತ್ತಡ ಸುಮಾರು 27 ಹೆಕ್ಟೊಪ್ಯಾಸ್ಕಲ್, ಒಳಗೆ 2. ಅಂತರ 25. ಅದೇ ಕ್ಯಾಮೆರಾವನ್ನು ತೇವಾಂಶ ಶೇ 20 ಇರುವ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟರೆ ಹೊರಗಿನ ಒತ್ತಡ 6ರ ಆಸುಪಾಸು, ಅಂತರ 4. ಸೋರಿಕೆ ಆರನೇ ಒಂದು ಪಾಲಿಗೆ ಇಳಿಯಿತು. ಕೆಲವು ನೂರು ರೂಪಾಯಿಯ ಡಬ್ಬಿ, ಒಂದಷ್ಟು ಸಿಲಿಕಾ ಜೆಲ್. ಕ್ಯಾಮೆರಾ ಕೊಂಡವರಿಗೆ ಇದಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು ಇನ್ನೊಂದು ನನಗೆ ಗೊತ್ತಿಲ್ಲ.

ಲೆನ್ಸಿಗೆ ಫಂಗಸ್ ಹಿಡಿಯದಂತೆ ಫೋಟೊಗ್ರಾಫರುಗಳು ಇಟ್ಟುಕೊಳ್ಳುವ ಡ್ರೈ ಕ್ಯಾಬಿನೆಟ್ ಇದ್ದರೂ ಸರಿಯೇ. ಆದರೆ ಅದನ್ನು ಸಾಮಾನ್ಯವಾಗಿ ಶೇ 40ರ ಹತ್ತಿರ ಇಟ್ಟಿರುತ್ತಾರೆ. ಲೆನ್ಸಿಗೆ ಅಷ್ಟು ಸಾಕು. ಕೂಲ್ಡ್ ಕ್ಯಾಮೆರಾವನ್ನು ಅದರೊಳಗೂ ಸಿಲಿಕಾ ಜೆಲ್ ಹಾಕಿದ ಇನ್ನೊಂದು ಡಬ್ಬಿಯಲ್ಲಿಡುವುದು ವಾಸಿ.

ಸಿಲಿಕಾ ಜೆಲ್ ಎಂದ ಕೂಡಲೇ ಒಂದು ಎಚ್ಚರಿಕೆ. ನೀಲಿ ಹರಳು ತೇವ ಹೀರಿ ಗುಲಾಬಿಯಾಗುತ್ತದೆ. ಆ ಬಣ್ಣ ಕೊಡುವುದು ಕೋಬಾಲ್ಟ್ ಕ್ಲೋರೈಡ್, ವಿಷಕಾರಿ. ಅಡುಗೆಯ ಓವನ್‌ನಲ್ಲಿ, ಒಗ್ಗರಣೆಯ ಬಾಣಲೆಯಲ್ಲಿ ಅದನ್ನು ಹುರಿಯಬೇಡಿ. ಕೋಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ ಹರಳು ಸಿಗುತ್ತದೆ, ಅದೇ ಮೇಲು. 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಒಣಗುತ್ತದೆ. ಒಲೆಯಿಂದ ತೆಗೆದ ಹರಳನ್ನು ತಟ್ಟೆಯಲ್ಲಿ ಆರಲು ಬಿಟ್ಟರೆ ಆರುವಷ್ಟರಲ್ಲೇ ಗಾಳಿಯ ತೇವ ಎಳೆದುಕೊಂಡಿರುತ್ತದೆ. ಬಿಸಿಯಾಗಿರುವಾಗಲೇ ಗಾಜಿನ ಭರಣಿಗೆ ಹಾಕಿ ಮುಚ್ಚಬೇಕು. ಕ್ಯಾಮೆರಾದೊಳಗಿನ ಪುಟ್ಟ ಬಿಲ್ಲೆಗಳಿಗೆ ಈ ಉಷ್ಣತೆ ಅನ್ವಯಿಸಬೇಕೆಂದಿಲ್ಲ, ಅವುಗಳ ಹೊದಿಕೆ ಕರಗಬಹುದು. ಅಲ್ಲಿ ತಯಾರಕರ ಕೈಪಿಡಿಯ ಮಾತೇ ಕೊನೆಯದು.

ಮಾಲಿಕ್ಯುಲರ್ ಸೀವ್ ಎಂಬ ಇನ್ನೊಂದು ಹರಳಿದೆ, ಜಿಯೊಲೈಟ್ ಜಾತಿಯದು. ಗಾಳಿ ಹಸಿಯಾಗಿರುವಾಗ ಸಿಲಿಕಾ ಜೆಲ್ಲೇ ಹೆಚ್ಚು ಹೀರುತ್ತದೆ. ಆದರೆ ತೇವಾಂಶ ಶೇ 10ರ ಕೆಳಗೆ ಹೋದ ಮೇಲೆ ಸಿಲಿಕಾ ಜೆಲ್ ಸೋಲುತ್ತದೆ, ಸೀವ್ ತನ್ನ ತೂಕದ ಐದನೇ ಒಂದು ಪಾಲಿನವರೆಗೂ ನೀರು ಹಿಡಿದಿಡಬಲ್ಲದು. ಕ್ಯಾಮೆರಾದ ಕೋಣೆಯೊಳಗಿನ ಕೆಲಸ ಇರುವುದೇ ಶೇ 10ರ ಕೆಳಗೆ. ಹಾಗಾಗಿ ಡಬ್ಬಿಗೆ ಸಿಲಿಕಾ ಜೆಲ್, ಕೋಣೆಗೆ ಸೀವ್ ಎಂಬ ಹಂಚಿಕೆ ನ್ಯಾಯವಾದದ್ದು. ತೊಡಕೆಂದರೆ ಸೀವ್ ಒಣಗಿಸಲು 250 ಡಿಗ್ರಿಗೂ ಮೇಲಿನ ಕಾವು ಬೇಕು. ಮನೆಯ ಓವನ್ ಅಲ್ಲಿಗೆ ಮುಟ್ಟುವುದು ಕಷ್ಟ. ಹೊಸದನ್ನೇ ತರುವುದು ಸುಲಭ.

ಎಷ್ಟು ಚಳಿ ಬೇಕು?

ಮೈನಸ್ 20ರಲ್ಲಿ ತೆಗೆದೆ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಹೆಮ್ಮೆಯಿದೆ, ಒಪ್ಪುತ್ತೇನೆ. ಆ ಹೆಮ್ಮೆಗೆ ನಮ್ಮ ಹವೆಯಲ್ಲಿ ಬೆಲೆ ತೆರಬೇಕಾಗುತ್ತದೆ ಮತ್ತು ಪ್ರತಿಯಾಗಿ ಸಿಗುವುದು ಬಹಳ ಕಡಿಮೆ. ಈಗ ಜನಪ್ರಿಯವಾಗಿರುವ ಸೋನಿಯ ಐಎಂಎಕ್ಸ್571 ಸೆನ್ಸರನ್ನೇ ತೆಗೆದುಕೊಳ್ಳಿ. ಸೊನ್ನೆ ಡಿಗ್ರಿಯಲ್ಲೂ ಅದರ ಡಾರ್ಕ್ ಕರೆಂಟ್ ಪ್ರತಿ ಪಿಕ್ಸೆಲ್ಲಿಗೆ ಸೆಕೆಂಡಿಗೆ ಒಂದು ಎಲೆಕ್ಟ್ರಾನಿನ ನೂರನೇ ಒಂದು ಪಾಲಿಗಿಂತ ಕಡಿಮೆ. ಐದು ನಿಮಿಷದ ಚಿತ್ರದಲ್ಲಿ ಮೂರು ಎಲೆಕ್ಟ್ರಾನೂ ಆಗಲಿಲ್ಲ. ಬೆಂಗಳೂರಿನ ಬೀದಿದೀಪದ ಬೆಳಕು ಅದೇ ಐದು ನಿಮಿಷದಲ್ಲಿ ಅದೇ ಪಿಕ್ಸೆಲ್ಲಿಗೆ ನೂರಾರು ಎಲೆಕ್ಟ್ರಾನ್ ತುಂಬುತ್ತದೆ. ಮೂರನ್ನು ಒಂದಕ್ಕಿಂತ ಕೆಳಗಿಳಿಸಲು ಕೋಣೆಯ ತೇವಾಂಶವನ್ನು ಶೇ 19ರ ಬದಲು ಶೇ 3ಕ್ಕೆ ತರುವ ಹಟ ಯಾಕೆ? ಬಹಳ ಕತ್ತಲಿನ ಊರಿನಿಂದ, ಸಣ್ಣ ಪಟ್ಟಿಯ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿ, ದೀರ್ಘ ಚಿತ್ರ ತೆಗೆಯುವವರಿಗೆ ಮೈನಸ್ 10ರಿಂದ ಲಾಭವುಂಟು. ಹಳೆಯ ಸಿಸಿಡಿ ಕ್ಯಾಮೆರಾ ಇಟ್ಟುಕೊಂಡವರಿಗೂ ಉಂಟು. ಮಿಕ್ಕವರಿಗೆ ಸೊನ್ನೆ, ಹೆಚ್ಚೆಂದರೆ ಮೈನಸ್ 5 ಧಾರಾಳ.

ಕೂಲ್ಡ್ ಕ್ಯಾಮೆರಾದ ದೊಡ್ಡ ಅನುಕೂಲ ಇರುವುದು ಉಷ್ಣತೆ ಅಲುಗಾಡದಿರುವುದರಲ್ಲಿ. ಮುಚ್ಚಳ ಹಾಕಿ ತೆಗೆದ ಡಾರ್ಕ್ ಚಿತ್ರಗಳನ್ನು ಒಂದು ಸಲ ಮಾಡಿಟ್ಟುಕೊಂಡರೆ, ಡಾರ್ಕ್ ಕರೆಂಟಿನ ಲೆಕ್ಕ ಕಳೆಯಲು ಅದೇ ಉಷ್ಣತೆಯ ಎಲ್ಲ ರಾತ್ರಿಗೂ ಅವು ಒದಗುತ್ತವೆ. ಕಲಬುರಗಿಯ ಏಪ್ರಿಲ್ ರಾತ್ರಿ 30 ಡಿಗ್ರಿ ಇದ್ದರೆ 35 ಇಳಿಸಬಲ್ಲ ಕೂಲರ್ ಪೂರ್ತಿ ಒದ್ದಾಡಿ ಮೈನಸ್ 5 ಮುಟ್ಟೀತು. ವರ್ಷದ ಯಾವ ರಾತ್ರಿಯಲ್ಲೂ ಸಲೀಸಾಗಿ ಮುಟ್ಟಬಹುದಾದ ಉಷ್ಣತೆಯನ್ನು ಆರಿಸಿಕೊಳ್ಳುವುದು ಜಾಣತನ. ಅದು ನಮ್ಮಲ್ಲಿ ಸೊನ್ನೆಯ ಹತ್ತಿರವೇ ಬರುತ್ತದೆ.

ವೃತ್ತಿಪರ ವೀಕ್ಷಣಾಲಯಗಳ ದಾರಿ ಬೇರೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ನಡೆಸುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿದೆ, ಸುಮಾರು 4,500 ಮೀಟರ್ ಎತ್ತರದಲ್ಲಿ. ಅದನ್ನು ಓಡಿಸುವವರು ಕೂರುವುದು ಹೊಸಕೋಟೆಯ ಬಳಿ ಅದೇ ಸಂಸ್ಥೆಯ ಕ್ರೆಸ್ಟ್ ಆವರಣದಲ್ಲಿ. ಉಪಗ್ರಹದ ಮೂಲಕ ಸಂಪರ್ಕ. ಅಷ್ಟೊಂದು ಒಣ ಗಾಳಿಯ ಜಾಗದಲ್ಲೂ ಕ್ಯಾಮೆರಾದ ಒಳಗೆ ಗಾಳಿಯನ್ನೇ ಉಳಿಸುವುದಿಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತಂಪಾಗುವ ಇಂಥ ಸಿಸಿಡಿಗಳನ್ನು ನಿರ್ವಾತದ ಪಾತ್ರೆಯಲ್ಲಿ ಕೂರಿಸುತ್ತಾರೆ. ಜೇಮ್ಸ್ ದೇವಾರ್ 1892ರಲ್ಲಿ ರೂಪಿಸಿದ ಪಾತ್ರೆಯ ವಂಶದ್ದು. ಹೆಸರೂ ದೇವಾರ್ ಎಂದೇ. ಪಂಪು ಎಷ್ಟೇ ಎಳೆದರೂ ಉಳಿಯುವ ಅಲ್ಪಸ್ವಲ್ಪ ಅಣುಗಳನ್ನು ಹಿಡಿಯಲು ಇಂಥ ಪಾತ್ರೆಗಳೊಳಗೆ ಸಕ್ರಿಯ ಇದ್ದಿಲೋ ಜಿಯೊಲೈಟೋ ಇಟ್ಟಿರುತ್ತಾರೆ. ಜಿಯೊಲೈಟ್ ಎಂದರೆ ನಮ್ಮ ಸೀವಿನ ಬಂಧುವೇ.

ತೆರೆಯಲೇಬೇಕಾದರೆ

ತೇವ ಹೀರುವ ಬಿಲ್ಲೆ ಬದಲಿಸಲು ಕ್ಯಾಮೆರಾದ ಕೋಣೆ ತೆರೆಯಬೇಕಾದ ಸಂದರ್ಭ ಬರುತ್ತದೆ. ವಾರಂಟಿ ಕಾಗದ ಮೊದಲು ಓದಿ. ಕೆಲವು ಮಾದರಿಗಳಲ್ಲಿ ಬಿಲ್ಲೆಗೆ ಹೊರಗಿನಿಂದಲೇ ತೆಗೆಯಬಹುದಾದ ಪುಟ್ಟ ಮುಚ್ಚಳವಿರುತ್ತದೆ, ಕೆಲವುದರಲ್ಲಿ ಮುಂದಿನ ಗಾಜನ್ನೇ ಬಿಚ್ಚಬೇಕು. ಧೂಳು ಕೂರಲೆಂದು ಬಿಸಿನೀರು ಬಿಟ್ಟ ಬಚ್ಚಲಿನಲ್ಲಿ ಕ್ಯಾಮೆರಾ ಬಿಚ್ಚುವ ಸಲಹೆ ಚಳಿದೇಶದವರಿಂದ ಬರುವುದುಂಟು. ನಮಗೆ ಅದು ಬೇಡವೇ ಬೇಡ.

ಕಾಲ ಆರಿಸಿಕೊಳ್ಳಬೇಕು: ಫೆಬ್ರವರಿ, ಮಾರ್ಚ್, ಬಯಲುಸೀಮೆಯ ಒಣ ಮಧ್ಯಾಹ್ನ. ಕರಾವಳಿಯವರಾದರೆ ಕೆಲ ಗಂಟೆ ಏಸಿ ಓಡಿದ ಕೋಣೆ. ಇನ್ನೂ ಒಳ್ಳೆಯ ವಿಧಾನವೊಂದಿದೆ. ಜಿಪ್ ಇರುವ ದೊಡ್ಡ ಪಾರದರ್ಶಕ ಚೀಲದಲ್ಲಿ ಕ್ಯಾಮೆರಾ, ಹೊಸದಾಗಿ ಒಣಗಿಸಿದ ಅರ್ಧ ಕಿಲೋ ಸಿಲಿಕಾ ಜೆಲ್, ಒಳಗೆ ಹಾಕಬೇಕಾದ ಹೊಸ ಬಿಲ್ಲೆ, ಬೇಕಾದ ಸ್ಕ್ರೂಡ್ರೈವರ್ ಎಲ್ಲ ಇಟ್ಟು, ಕ್ಯಾಮೆರಾದ ಬದಿಯ ಮುಚ್ಚಳ ಸಡಿಲಿಸಿ ಒಂದೆರಡು ದಿನ ಬಿಡುವುದು. ಆಮೇಲೆ ಚೀಲ ತೆರೆಯದೆ, ಹೊರಗಿನಿಂದಲೇ ಕೈಯಾಡಿಸಿ ಹೊಸ ಬಿಲ್ಲೆ ಕೂರಿಸಿ ಮುಚ್ಚಳ ಬಿಗಿಯುವುದು. ಚೀಲದೊಳಗೆ ಹೈಗ್ರೋಮೀಟರ್ ಇಟ್ಟರೆ ಒಳ್ಳೆಯದು. ಅಗ್ಗದವು ಶೇ 20ರ ಕೆಳಗೆ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ, ಇಳಿಯುತ್ತ ಹೋಗಿ ನಿಂತಿತೇ ಎಂದಷ್ಟೇ ನೋಡಿ.

ಓ-ರಿಂಗ್ ತೆಗೆದಾಗ ಎಳೆಯಿಲ್ಲದ ಬಟ್ಟೆಯಿಂದ ಒರೆಸಿ, ಸೀಳಿದೆಯೇ ಚಪ್ಪಟೆಯಾಗಿದೆಯೇ ನೋಡಿ. ಗ್ರೀಸ್ ಹಚ್ಚುವುದಾದರೆ ನಿರ್ವಾತದ ಕೆಲಸಕ್ಕೆಂದೇ ಮಾಡಿದ್ದನ್ನು, ರಬ್ಬರ್ ಮಿರುಗುವಷ್ಟು ಮಾತ್ರ. ಸಾಮಾನ್ಯ ಗ್ರೀಸ್ ಆವಿಯಾಗಿ ತಣ್ಣನೆಯ ಸೆನ್ಸರಿನ ಮೇಲೆ ಕೂರುತ್ತದೆ, ಅದು ನೀರಿಗಿಂತ ಹಟಮಾರಿ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ತೆರೆದ ಸೆನ್ಸರಿನ ಮೇಲೆ ಬಗ್ಗಿ ಮಾತಾಡಬಾರದು, ಬಾಯಿಂದ ಊದಲಂತೂ ಕೂಡದು. ಉಸಿರಿನಷ್ಟು ತೇವ ಮಳೆಗಾಲದ ಗಾಳಿಯಲ್ಲೂ ಇರುವುದಿಲ್ಲ.

ದಿನನಿತ್ಯದ ಕ್ರಮಗಳು ಸರಳ. ಕೂಲರನ್ನು ಒಮ್ಮೆಲೇ ಇಳಿಸದೆ ಹತ್ತು ಹದಿನೈದು ನಿಮಿಷದಲ್ಲಿ ಇಳಿಸಿದರೆ ಒಳಗಿನ ಆವಿಯನ್ನು ಸೆನ್ಸರಿಗಿಂತ ಮೊದಲು ಬಿಲ್ಲೆ ಹೀರಲು ಅವಕಾಶ ಸಿಗುತ್ತದೆ. ಮುಗಿದ ಮೇಲೆ ತಂತಿ ಕೀಳದೆ ಹಾಗೇ ನಿಧಾನ ಏರಿಸಬೇಕು. ತಣ್ಣಗಿರುವ ಕ್ಯಾಮೆರಾವನ್ನು ಬೆಚ್ಚನೆಯ ಹಸಿ ಕೋಣೆಗೆ ಒಯ್ಯುವುದಾದರೆ ಹೊರಗೇ ಚೀಲಕ್ಕೆ ಹಾಕಿ ಮುಚ್ಚಿ, ಮನೆಯ ಉಷ್ಣತೆಗೆ ಬಂದ ಮೇಲೆ ತೆರೆಯುವುದು. ಏಸಿ ಕಾರಿನಲ್ಲಿ ಮಲ್ಪೆಯ ತೀರಕ್ಕೋ ಗೋಕರ್ಣಕ್ಕೋ ಹೋದವರೂ ಇಳಿದ ಕೂಡಲೇ ಮುಚ್ಚಳ ತೆಗೆಯದೆ ಅರ್ಧ ಗಂಟೆ ಕಾಯುವುದು ಇದೇ ಕಾರಣಕ್ಕೆ.

ಇನ್ನು ಮಳೆ ಮುಗಿದು ಅಕ್ಟೋಬರಿನಲ್ಲಿ ಡಬ್ಬಿ ತೆರೆದಾಗ ಮೊದಲ ನಿರ್ಮಲ ರಾತ್ರಿಗೆ ಕಾಯಬೇಡಿ. ಅದೇ ದಿನ ಮೇಜಿನ ಮೇಲೆ ಕೂರಿಸಿ, ಬಿಳಿ ಬಟ್ಟೆ ಬಿಗಿದು, ನಿಮಗೆ ಬೇಕಾದ ಉಷ್ಣತೆಗಿಂತ ಐದು ಡಿಗ್ರಿ ಹೆಚ್ಚೇ ಇಳಿಸಿ ಎರಡು ಗಂಟೆ ಬಿಟ್ಟು ಚಿತ್ರ ತೆಗೆದು ನೋಡಿ. ಹರಳು ಕಂಡಿತೆಂದರೆ ಗಾಬರಿ ಬೇಡ. ಬಿಲ್ಲೆ ಬದಲಿಸಲು, ಹೊಸ ಓ-ರಿಂಗ್ ತರಿಸಲು, ನಿಮ್ಮಿಂದ ಆಗದಿದ್ದರೆ ಕ್ಯಾಮೆರಾವನ್ನು ತಯಾರಕರಿಗೇ ಕಳುಹಿಸಿ ವಾಪಸ್ ತರಿಸಿಕೊಳ್ಳಲು ಆಗ ಇನ್ನೂ ವಾರಗಟ್ಟಲೆ ಸಮಯವಿರುತ್ತದೆ.